ಕಾಯಿಲೆ ಬೀಳದ ಪ್ರಾಣಿಯ ರಕ್ತ ಹೇಳುವ ಕಥೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಮಳೆಗಿಂತ ಮಂದೆಯನ್ನು ಹೆಚ್ಚು ನಂಬಿದ ಸೀಮೆ. ಮ್ಯಾಸಬೇಡರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಗೊಲ್ಲರ ಹಟ್ಟಿಗಳು, ಕುರುಬರ ಕಂಬಳಿ, ಅಮೃತಮಹಲ್ ದನಗಳಿಗೆಂದು ಮೈಸೂರು ಅರಸರ ಕಾಲದಿಂದ ಬಿಟ್ಟಿದ್ದ ಕಾವಲುಗಳು, ಇವೆಲ್ಲ ಸೇರಿ ಈ ನೆಲದ ಚರಿತ್ರೆಯಾಗಿದೆ.

ಮಂದೆ ಕಾಯುವವರಿಗೆ ರೋಗದ ಗುರುತು ಹೊಸದಲ್ಲ. ನೆರಡಿ, ಚಪ್ಪೆರೋಗ, ಕಾಲುಬಾಯಿ ಜ್ವರ ಎಂದು ಒಂದೊಂದಕ್ಕೂ ಹೆಸರಿದೆ, ಲಕ್ಷಣವಿದೆ. ಊರೂರ ಕೊಟ್ಟಿಗೆಗಳನ್ನು ಬರಿದು ಮಾಡುತ್ತಿದ್ದ ದೊಡ್ಡರೋಗವನ್ನು ತಡೆಯಲೆಂದೇ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಆರಂಭವಾಯಿತು. 2011ರಲ್ಲಿ ಆ ರೋಗ ಜಗತ್ತಿನಿಂದಲೇ ತೊಲಗಿತು. ಅದು ಕಣ್ಣಿಗೆ ಕಾಣುವ ಶತ್ರುವಾಗಿತ್ತು. ಆದರೆ ಪ್ರಾಣಿ ಚೆನ್ನಾಗಿ ಮೇಯುತ್ತಿದ್ದು, ಅದರ ಮೈಯಲ್ಲಿರುವ ರೋಗಾಣು ಮನುಷ್ಯನನ್ನು ಮಾತ್ರ ಕೆಡವಿದರೆ ಅದನ್ನು ಕಂಡುಹಿಡಿಯುವುದು ಹೇಗೆ?

ಈ ಪ್ರಶ್ನೆಗೆ ಮೊದಲ ಸ್ಪಷ್ಟ ಉತ್ತರಗಳಲ್ಲೊಂದು ದೊರೆತದ್ದು ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ. ಅಲ್ಲಿದ್ದ ಬ್ರಿಟಿಷ್ ಸೈನಿಕರು ಬಿಟ್ಟು ಬಿಟ್ಟು ಬರುವ ಜ್ವರದಿಂದ ತಿಂಗಳುಗಟ್ಟಲೆ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಆ ರೋಗಾಣುವನ್ನು ಪತ್ತೆ ಮಾಡಿದರು. ಅದು ಬರುವ ದಾರಿ ಮಾತ್ರ ತಿಳಿಯಲಿಲ್ಲ. 1905ರಲ್ಲಿ ಥೆಮಿಸ್ಟೊಕ್ಲಿಸ್ ಝಮ್ಮಿಟ್ ಎಂಬ ಮಾಲ್ಟಾದ ವೈದ್ಯರು ಆರೋಗ್ಯವಾಗಿ ಕಾಣುತ್ತಿದ್ದ ಆಡುಗಳ ರಕ್ತ ಪರೀಕ್ಷಿಸಿದಾಗ ಅದರಲ್ಲಿ ಸೋಂಕಿನ ಗುರುತು ಸಿಕ್ಕಿತು. ರೋಗಾಣು ಹಾಲಿನಲ್ಲಿ ಹೊರಬರುತ್ತಿತ್ತು. ಮರುವರ್ಷ ಸೈನಿಕರಿಗೆ ಆಡಿನ ಹಸಿ ಹಾಲು ಕೊಡುವುದನ್ನು ನಿಲ್ಲಿಸಿದ ಮೇಲೆ ಜ್ವರ ಇಳಿಮುಖವಾಯಿತು. ಇದೇ ಬ್ರುಸೆಲ್ಲಾ ರೋಗ. ನಮ್ಮಲ್ಲಿ ದನ, ಕುರಿ ಕಂದು ಹಾಕುವುದಕ್ಕೆ ಇದೂ ಒಂದು ಕಾರಣ.

ಕರ್ನಾಟಕದ ಸರದಿ ಬಂದದ್ದು 1957ರಲ್ಲಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರಿಗೆ ತೀವ್ರ ಜ್ವರ ಬಂತು. ಮಂಗಗಳ ಸಾವು ಕಂಡು ಹಳದಿ ಜ್ವರವೇ ಭಾರತಕ್ಕೆ ಬಂದಿತೇ ಎಂಬ ಆತಂಕ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ರೋಗಿಗಳಿಂದಲೂ ಮಂಗಗಳಿಂದಲೂ ವೈರಸನ್ನು ಬೇರ್ಪಡಿಸಿದಾಗ ಅದು ಜಗತ್ತಿಗೇ ಹೊಸದಾಗಿತ್ತು. ಅದನ್ನು ಹರಡುತ್ತಿದ್ದದ್ದು ಕಾಡಿನ ಉಣ್ಣೆ. ಬಲಿತ ಉಣ್ಣೆ ರಕ್ತ ಹೀರುವುದು ಹೆಚ್ಚಾಗಿ ಕಾಡಿಗೆ ಮೇಯಲು ಹೋಗುವ ದನಗಳ ಮೈಮೇಲೆ. ದನಕ್ಕೆ ಕಾಯಿಲೆಯಿಲ್ಲ, ಆದರೂ ಉಣ್ಣೆಯ ಸಂತತಿ ಬೆಳೆಯಲು ಅದೇ ಆಸರೆ. ಮಂಗ ಸತ್ತು ಸುಳಿವು ಕೊಟ್ಟಿತು, ದನ ಸುಮ್ಮನಿತ್ತು.

ಇದೇ ಬಗೆಯ ಮೌನ ಒಂಟೆಯದು. 2012ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಶ್ವಾಸಕೋಶದ ತೀವ್ರ ಸೋಂಕಿನಿಂದ ಸತ್ತ ರೋಗಿಯೊಬ್ಬರಲ್ಲಿ ಹೊಸ ಕೊರೊನಾ ವೈರಸ್ ಕಂಡುಬಂತು. ಇದಕ್ಕೆ ಮರ್ಸ್ ಎಂದು ಹೆಸರಾಯಿತು. ಸೋಂಕು ದೃಢಪಟ್ಟವರಲ್ಲಿ ನೂರಕ್ಕೆ ಸುಮಾರು 35 ಮಂದಿ ಸತ್ತಿದ್ದಾರೆ. ಮೂಲ ಹುಡುಕಿ ಹೊರಟವರು 2013ರಲ್ಲಿ ಒಮಾನಿನ 50 ಒಂಟೆಗಳ ರಕ್ತ ಪರೀಕ್ಷಿಸಿದರು. ಐವತ್ತರಲ್ಲೂ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳಿದ್ದವು. ಪ್ರತಿಕಾಯವೆಂದರೆ ರೋಗಾಣು ಬಂದುಹೋದದ್ದಕ್ಕೆ ಮೈ ಬರೆದಿಟ್ಟುಕೊಂಡ ದಾಖಲೆ. ವೈರಸ್ ಈಗ ಇದೆಯೇ ಎಂದು ತಿಳಿಯಲು ಮೂಗಿನ ದ್ರವದಲ್ಲಿ ಅದರ ವಂಶದ್ರವ್ಯವನ್ನು ಹುಡುಕಬೇಕು. ಅದೇ ವರ್ಷ ಅಕ್ಟೋಬರಿನಲ್ಲಿ ಕತಾರಿನಲ್ಲಿ, ಇಬ್ಬರು ರೋಗಿಗಳ ನಂಟಿದ್ದ ಒಂದು ಕೊಟ್ಟಿಗೆಯ 14 ಒಂಟೆಗಳಲ್ಲಿ ಹಾಗೆ ಹುಡುಕಿದಾಗ ಮೂರರಲ್ಲಿ ಅದು ಸಿಕ್ಕಿತು. ಒಂಟೆಗೆ ಆಗುವುದು ಬಹಳವೆಂದರೆ ನೆಗಡಿ.

ಮುಂದಿನದು ಇನ್ನೂ ವಿಸ್ಮಯದ್ದು. ಬೇರೆ ಕಾರಣಗಳಿಗಾಗಿ ಎಂದೋ ತೆಗೆದು ಶೀತಲಪೆಟ್ಟಿಗೆಯಲ್ಲಿಟ್ಟಿದ್ದ ಹಳೆಯ ರಕ್ತಸಾರವನ್ನು ಹೊರತೆಗೆದು ನೋಡಿದರು. ಸೊಮಾಲಿಯಾ, ಸುಡಾನ್‌ಗಳ 1983ರ ಒಂಟೆಗಳಲ್ಲೂ ಪ್ರತಿಕಾಯಗಳಿದ್ದವು. ಮನುಷ್ಯ ಹೊಸದೆಂದು ಬೆಚ್ಚಿಬಿದ್ದ ವೈರಸ್ ಒಂಟೆಗಳಲ್ಲಿ ಮೂವತ್ತು ವರ್ಷಗಳಿಗೆ ಮೊದಲೇ ಬಾಳುತ್ತಿತ್ತು. ಅದನ್ನು ಕಡೆಗಣಿಸಿದರೆ ಏನಾಗುತ್ತದೆಂದು 2015ರಲ್ಲಿ ದಕ್ಷಿಣ ಕೊರಿಯಾ ಕಂಡಿತು. ಮಧ್ಯಪ್ರಾಚ್ಯದಿಂದ ಮರಳಿದ ಒಬ್ಬ ಪ್ರಯಾಣಿಕನಿಂದ ಆರಂಭವಾದ ಸರಣಿಯಲ್ಲಿ 186 ಜನರಿಗೆ ಸೋಂಕು ತಗಲಿ 38 ಮಂದಿ ತೀರಿಕೊಂಡರು.

ಹಾಗಾದರೆ ತಪ್ಪು ಪ್ರಾಣಿಯದೇ? ಮಾಲ್ಟಾದಲ್ಲಿ ಸೈನಿಕರನ್ನು ಉಳಿಸಿದ್ದು ಹಸಿ ಹಾಲು ಬಿಟ್ಟದ್ದು. ಒಂಟೆಯ ವಿಷಯದಲ್ಲೂ ಆರೋಗ್ಯ ಸಂಸ್ಥೆಗಳ ಸಲಹೆ ಅಷ್ಟೇ ಸರಳ: ಹಾಲು ಕಾಯಿಸಿ ಕುಡಿಯಿರಿ, ಮಾಂಸ ಚೆನ್ನಾಗಿ ಬೇಯಿಸಿ, ಪ್ರಾಣಿ ಮುಟ್ಟಿದ ಕೈ ತೊಳೆಯಿರಿ. ಮಂದೆಯನ್ನೇ ಶಂಕಿಸಿ ದೂರವಿಟ್ಟರೆ ಮಂದೆಯವನು ರೋಗವನ್ನು ಮುಚ್ಚಿಡುತ್ತಾನೆ. ಆಗ ನಷ್ಟ ಅವನಿಗಷ್ಟೇ ಅಲ್ಲ, ಊರಿಗೂ.

ಚಳ್ಳಕೆರೆಯ ಬಯಲಿನಲ್ಲಿ ಒಂಟೆಯ ಸಾಕಣೆಯಿಲ್ಲ. ಆದರೆ ಆಡು, ಕುರಿ, ದನಗಳ ಉಸಿರಿಗೆ ಉಸಿರು ತಾಗುವಂತೆ ಬದುಕುವ ಜನರಿದ್ದಾರೆ. ಕುರಿ ಈಯುವಾಗ ಬರಿಗೈಯಲ್ಲಿ ಮರಿ ಎಳೆದುಕೊಳ್ಳುವವರು ಅವರೇ, ಮೊದಲು ಸೋಂಕು ತಗಲಬಹುದಾದವರೂ ಅವರೇ. ಕಂದು ಹಾಕಿದ ಕುರಿಯ ಸುದ್ದಿಯನ್ನು ಪಶುವೈದ್ಯರಿಗೂ, ಬಿಡದ ಜ್ವರದ ಸುದ್ದಿಯನ್ನು ಆಸ್ಪತ್ರೆಗೂ ಮುಟ್ಟಿಸುವವರು, ಆ ಎರಡು ಸುದ್ದಿಗಳನ್ನು ಜೋಡಿಸಿ ಓದುವವರು ಇರಬೇಕು. ಝಮ್ಮಿಟ್ ಮಾಡಿದ್ದೂ ಅಷ್ಟೇ: ಬ್ಯಾರಕ್ಕಿನ ಜ್ವರವನ್ನು ಹಿತ್ತಲಿನ ಆಡಿನ ಜೊತೆ ಇಟ್ಟು ನೋಡಿದರು.