ಮನೆ ಸಿಂಗರಿಸುವುದು ಉದ್ಯೋಗವಾದ ಕತೆ

ದಸರೆಗೆ ಗೊಂಬೆ ಕೂರಿಸುವಾಗ ಯಾವ ಮೆಟ್ಟಿಲಿಗೆ ಯಾವ ಬಟ್ಟೆ, ದೀಪ ಎಲ್ಲಿಟ್ಟರೆ ಚೆಂದ ಎಂದು ನಿರ್ಧರಿಸುತ್ತಿದ್ದವರು ನಮ್ಮ ಅಜ್ಜಿ, ಅಮ್ಮಂದಿರು. ಅದಕ್ಕೆ ಸಿಗುತ್ತಿದ್ದ ಸಂಭಾವನೆ "ಎಷ್ಟು ಚೆನ್ನಾಗಿದೆ" ಎಂಬ ಒಂದು ಮಾತು. ಅದೇ ಕಣ್ಣು, ಅದೇ ಕೈಚಳಕಕ್ಕೆ ಹಣ ಕೇಳಬಹುದು ಎಂದು ತೋರಿಸಿಕೊಟ್ಟ ಮಹಿಳೆಯರ ಇತಿಹಾಸ ಸುಮಾರು 150 ವರ್ಷಗಳದ್ದು.

ಲಂಡನ್ನಿನ ಆಗ್ನೆಸ್ ಗ್ಯಾರೆಟ್ ಮತ್ತು ರೋಡಾ ಗ್ಯಾರೆಟ್ ಸಂಬಂಧದಲ್ಲಿ ಅಕ್ಕತಂಗಿಯರಾಗಬೇಕು. ಆಗ ಮನೆಯ ಒಳಾಂಗಣದ ಕೆಲಸವೆಲ್ಲ ವಾಸ್ತುಶಿಲ್ಪಿಗಳು, ಪೀಠೋಪಕರಣದ ಅಂಗಡಿಯವರು, ಬಣ್ಣದ ಮೇಸ್ತ್ರಿಗಳ ಕೈಯಲ್ಲಿತ್ತು. ಅವರೆಲ್ಲ ಬಹುತೇಕ ಗಂಡಸರೇ. "ನಮಗೆ ಅಭಿರುಚಿ ಇದೆ" ಎಂದಷ್ಟೇ ಹೇಳಿ ಈ ಇಬ್ಬರು ಬೋರ್ಡು ಹಾಕಲಿಲ್ಲ. 1870ರ ದಶಕದ ಆರಂಭದಲ್ಲಿ ಜೆ. ಎಂ. ಬ್ರೈಡನ್ ಎಂಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಅಪ್ರೆಂಟಿಸ್ ಆಗಿ ಸೇರಿ ಕೆಲಸ ಕಲಿತರು. ಆಮೇಲೆ ತಮ್ಮದೇ ಸಂಸ್ಥೆ ತೆರೆದರು. 1876ರಲ್ಲಿ ಗೃಹಾಲಂಕಾರದ ಬಗ್ಗೆ ಪುಸ್ತಕ ಬರೆದರು. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ತಮ್ಮ ಕೆಲಸವನ್ನು ಜಗತ್ತಿನ ಮುಂದಿಟ್ಟರು.

ಆಗ್ನೆಸ್‌ಳ ಅಕ್ಕ ಎಲಿಜಬೆತ್ ಬ್ರಿಟನ್ನಿನ ಮೊದಲ ಮಹಿಳಾ ವೈದ್ಯರಲ್ಲೊಬ್ಬಳು, ತಂಗಿ ಮಿಲಿಸೆಂಟ್ ಫಾಸೆಟ್ ಮಹಿಳಾ ಮತದಾನ ಚಳವಳಿಯ ನಾಯಕಿ. ರೋಡಾ ಕೂಡ ಆ ಚಳವಳಿಯ ಒಳ್ಳೆಯ ಭಾಷಣಕಾರ್ತಿ. ಇವರ ಪಾಲಿಗೆ ಸ್ವಂತ ದುಡಿಮೆಯೂ ಮತದ ಹಕ್ಕೂ ಬೇರೆ ಬೇರೆ ವಿಷಯಗಳಾಗಿರಲಿಲ್ಲ. 1882ರಲ್ಲಿ ರೋಡಾ ತೀರಿಕೊಂಡ ಮೇಲೂ ಆಗ್ನೆಸ್ ಸಂಸ್ಥೆಯನ್ನು ಮುಚ್ಚಲಿಲ್ಲ. ಒಂಟಿಯಾಗಿ ದುಡಿಯುವ ಹೆಂಗಸರಿಗೆ ಲಂಡನ್ನಿನಲ್ಲಿ ವಸತಿಗೃಹ ಕಟ್ಟಿಸುವ ಕೆಲಸದಲ್ಲೂ ಮುಂದೆ ನಿಂತಳು. ಊರು ಬಿಟ್ಟು ಬಂದು ಪೀಜಿಗಳಲ್ಲಿ ದಿನ ಕಳೆದ ನಮ್ಮಂಥವರಿಗೆ ಅದರ ಬೆಲೆ ಗೊತ್ತು.

ಅಮೆರಿಕದ ಕ್ಯಾಂಡೇಸ್ ವೀಲರ್ ಕತೆ ಇನ್ನೊಂದು ಬಗೆಯದು. 1876ರಲ್ಲಿ ಫಿಲಡೆಲ್ಫಿಯಾದ ಪ್ರದರ್ಶನದಲ್ಲಿ ಇಂಗ್ಲೆಂಡಿನ ಹೆಣ್ಣುಮಕ್ಕಳ ಕಸೂತಿ ಕೆಲಸ ನೋಡಿದಾಗ ಆಕೆಗೆ 49 ವರ್ಷ. ಅಂತರ್ಯುದ್ಧದ ನಂತರ ಆಧಾರವಿಲ್ಲದೆ ಉಳಿದಿದ್ದ ಎಷ್ಟೋ ಮರ್ಯಾದಸ್ಥ ಮನೆತನದ ಹೆಂಗಸರಿಗೆ ಸೂಜಿ ಹಿಡಿಯುವುದು ಗೊತ್ತಿತ್ತು, ಮಾರುವುದು ಗೊತ್ತಿರಲಿಲ್ಲ. ಮರುವರ್ಷವೇ ಆಕೆ ನ್ಯೂಯಾರ್ಕಿನಲ್ಲಿ ಅಂಥವರ ಕೈಕೆಲಸವನ್ನು ಮಾರುಕಟ್ಟೆಗೆ ತರಲು ಒಂದು ಸಂಸ್ಥೆ ಕಟ್ಟಿದಳು. 1879ರಲ್ಲಿ ಲೂಯಿ ಕಂಫರ್ಟ್ ಟಿಫನಿ ಮತ್ತಿತರರ ಜೊತೆ ಪಾಲುದಾರಳಾದಳು. ಈ ಗುಂಪು ಲೇಖಕ ಮಾರ್ಕ್ ಟ್ವೇನ್ ಮನೆಯನ್ನು ಅಲಂಕರಿಸಿತು, ಶ್ವೇತಭವನದ ಕೋಣೆಗಳನ್ನೂ ಅಲಂಕರಿಸಿತು.

ಇಲ್ಲಿ ನಮ್ಮ ದೇಶದ ಒಂದು ಎಳೆಯೂ ಸೇರುತ್ತದೆ. ಆ ಗುಂಪಿನಲ್ಲಿದ್ದ ಲಾಕ್‌ವುಡ್ ಡಿ ಫಾರೆಸ್ಟ್ 1881ರಲ್ಲಿ ಅಹಮದಾಬಾದಿಗೆ ಬಂದು ಹಠೀಸಿಂಗ್ ಮನೆತನದವರ ಜೊತೆ ಮರದ ಕೆತ್ತನೆಯ ಕಾರ್ಖಾನೆ ಶುರುಮಾಡಿದ. ಗುಜರಾತಿನ ಬಡಗಿಗಳ ಕೆತ್ತನೆ ಅಮೆರಿಕದ ಶ್ರೀಮಂತರ ಮನೆ ಸೇರಿತು. 1883ರಲ್ಲಿ ಪಾಲುದಾರರು ಬೇರೆಯಾದಾಗ ವೀಲರ್ ಆ ಸಂಸ್ಥೆಯ ಹೆಸರನ್ನು ಉಳಿಸಿಕೊಂಡು ಹೆಂಗಸರನ್ನೇ ಸೇರಿಸಿಕೊಂಡು ನಡೆಸಿದಳು. ಗೃಹಾಲಂಕಾರವನ್ನು ಹೆಂಗಸರು ಉದ್ಯೋಗವಾಗಿ ಹಿಡಿಯಬಹುದು, ಆದರೆ ತರಬೇತಿ ಬೇಕೇ ಬೇಕು ಎಂದು 1895ರಲ್ಲಿ ಲೇಖನವನ್ನೇ ಬರೆದಳು.

ಎಲ್ಸಿ ಡಿ ವುಲ್ಫ್ ಮೊದಲು ರಂಗನಟಿ. ಬಾಳಗೆಳತಿ ಎಲಿಜಬೆತ್ ಮಾರ್ಬರಿ ಜೊತೆ ಇದ್ದ ನ್ಯೂಯಾರ್ಕಿನ ಮನೆಯಲ್ಲಿ ಕಪ್ಪುಗಟ್ಟಿದ ಮರ, ದಪ್ಪ ಪರದೆ, ಕಾಲಿಡಲು ಜಾಗವಿಲ್ಲದಷ್ಟು ಸಾಮಾನುಗಳನ್ನೆಲ್ಲ ತೆಗೆದುಹಾಕಿ, ತಿಳಿಬಣ್ಣ ಬಳಿದು ಬೆಳಕು ಬರುವಂತೆ ಮಾಡಿದಳು. ಬಂದ ಅತಿಥಿಗಳೇ ಪ್ರಚಾರ ಮಾಡಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಆ ಮನೆಯೇ ಅವಳ ಪೋರ್ಟ್‌ಫೋಲಿಯೊ. 1905ರಲ್ಲಿ ಅಲ್ಲಿನ ಮಹಿಳೆಯರ ಕಾಲನಿ ಕ್ಲಬ್ಬಿನ ಒಳಾಂಗಣದ ಕೆಲಸ ಅವಳಿಗೆ ಸಿಕ್ಕಿತು. ಅನುಭವವಿಲ್ಲದವಳಿಗೆ ಇಷ್ಟು ದೊಡ್ಡ ಕೆಲಸವೇ ಎಂಬ ಅನುಮಾನದ ನಡುವೆ, ಕಟ್ಟಡದ ವಾಸ್ತುಶಿಲ್ಪಿ ಸ್ಟ್ಯಾನ್‌ಫರ್ಡ್ ವೈಟ್ ಅವಳ ಬೆನ್ನಿಗೆ ನಿಂತ. 1907ರಲ್ಲಿ ಕ್ಲಬ್ ತೆರೆದಾಗ ಹೂವಿನ ಚಿತ್ತಾರದ ಹತ್ತಿಬಟ್ಟೆ, ತೋಟದಲ್ಲಿ ಬಳ್ಳಿ ಹಬ್ಬಿಸುವಂಥ ಹಸಿರು ಜಾಲರಿಯ ಗೋಡೆ ಎಲ್ಲರ ಮಾತಾದವು. ಮುಂದೆ ಹೆನ್ರಿ ಕ್ಲೇ ಫ್ರಿಕ್‌ನಂಥ ಕೋಟ್ಯಧೀಶ ತನ್ನ ಮನೆಯ ಕೋಣೆಗಳನ್ನು ಅವಳಿಗೆ ವಹಿಸಿದ. ಅವಳು ಖರೀದಿಯ ಮೇಲೆ ಕಮಿಷನ್ ಗೊತ್ತುಮಾಡಿಕೊಂಡೇ ಕೆಲಸಕ್ಕಿಳಿದಳು.

ನಮ್ಮಲ್ಲಿ 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಯಾರೂ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಒಳಾಂಗಣ ವಿನ್ಯಾಸಕರಿಗೆ ಅಂಥ ಕಟ್ಟುಪಾಡಿಲ್ಲ. ಬಾಗಿಲು ತೆರೆದಿದೆ ಎಂಬುದು ನಿಜ. "ಇದನ್ನೇನು, ಯಾರು ಬೇಕಾದರೂ ಮಾಡಬಹುದು" ಎಂಬ ಮಾತೂ ಅದೇ ಬಾಗಿಲಿನಿಂದ ಒಳಗೆ ಬರುತ್ತದೆ. ನನ್ನ ಜೊತೆ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಗೆಳತಿಯೊಬ್ಬಳು ಡಿಪ್ಲೊಮಾ ಮಾಡಿ ಈ ಉದ್ಯೋಗಕ್ಕಿಳಿದಿದ್ದಾಳೆ. "ಒಂದು ಸಲ ಬಂದು ನೋಡಿ ಹೋಗಮ್ಮ, ಕಾಫಿ ಕುಡಿದ ಹಾಗೂ ಆಯ್ತು" ಎನ್ನುವವರು ಅವಳಿಗೆ ಬೇಕಾದಷ್ಟು ಜನ. ನಾನು ಬರೆದ ಕೋಡಿಗೆ ಕಾಫಿಯನ್ನು ಸಂಬಳ ಎಂದು ಈವರೆಗೆ ಯಾರೂ ಕೊಟ್ಟಿಲ್ಲ.

ಕೆಲಸ ಕಲಿತದ್ದು ಗ್ಯಾರೆಟ್ ಜೋಡಿ, ಇತರರನ್ನೂ ಜೊತೆಗೆ ಕರೆದೊಯ್ದದ್ದು ವೀಲರ್, ಬೆಲೆ ಮೊದಲೇ ಹೇಳಿದ್ದು ಎಲ್ಸಿ. ನಮ್ಮ ಮಹಿಳಾ ವೇದಿಕೆಯಲ್ಲೂ ವೇದಿಕೆ ಅಲಂಕರಿಸುವವರು, ಮಂಟಪ ಕಟ್ಟುವವರು, ರಂಗೋಲಿಯಲ್ಲಿ ಪಳಗಿದವರು ಎಷ್ಟೋ ಜನ ಇದ್ದಾರೆ. ಅವರಲ್ಲೊಬ್ಬರು ನಾಳೆ ಇದನ್ನು ಉದ್ಯೋಗ ಮಾಡಿಕೊಂಡರೆ ನಾವು ಕೇಳಬೇಕಾದ ಮೊದಲ ಪ್ರಶ್ನೆ, "ನಿಮ್ಮ ಫೀಸು ಎಷ್ಟು?"