ಚಿನ್ನದ ಹೊಳೆ, ಜಿಗಿತದ ಸೇತುವೆ

ನ್ಯೂಜಿಲೆಂಡಿನ ಕ್ವೀನ್ಸ್‌ಟೌನಿಗೆ ಜನ ಮೊದಲು ಬಂದದ್ದು ಮೋಜಿಗಲ್ಲ. ಮಾವೋರಿಗಳು ಆ ಸೀಮೆಗೆ ಹಸಿರು ಕಲ್ಲನ್ನು ಹುಡುಕಿಕೊಂಡು ಬರುತ್ತಿದ್ದರು. ಆಮೇಲೆ ಅಲ್ಲಿನ ವಾಕಟಿಪು ಸರೋವರದ ದಂಡೆಯಲ್ಲಿ ವಿಲಿಯಂ ರೀಸ್ ಎಂಬಾತ ಕುರಿ ಸಾಕಿಕೊಂಡಿದ್ದ. 1862ರಲ್ಲಿ ಶಾಟೋವರ್ ಹೊಳೆಯಲ್ಲಿ ಚಿನ್ನ ಸಿಕ್ಕಿದ್ದೇ ತಡ, ಆ ದಂಡೆ ಊರಾಯಿತು.

ಚಿನ್ನ ಬರಿದಾದರೂ ಅದಕ್ಕಾಗಿ ಹುಟ್ಟಿದ ದಾರಿ, ಸೇತುವೆಗಳು ಉಳಿದವು. ಹೀಗೆ ದುಡಿಮೆಗೆಂದು ಹುಟ್ಟಿದ್ದು ಮುಂದೆ ಈ ಊರಿನ ವಿಹಾರಕ್ಕೆ ಒದಗಿತು.

ಸರೋವರದ 'ಅರ್ನ್‌ಸ್ಲಾ' ಉಗಿಹಡಗನ್ನೇ ನೋಡಿ. ಡನೀಡಿನ್‌ನಲ್ಲಿ ಕಟ್ಟಿ, ಬಿಚ್ಚಿ, ಉಕ್ಕಿನ ಹಾಳೆಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟು, ರೈಲಿನಲ್ಲಿ ಸರೋವರದ ತೆಂಕಣ ತುದಿಯ ಕಿಂಗ್‌ಸ್ಟನ್‌ಗೆ ತಂದು ಮತ್ತೆ ಜೋಡಿಸಿದರು. 1912ರಲ್ಲಿ ನೀರಿಗಿಳಿದ ಅದು ದೂರದ ಫಾರಂಗಳಿಗೆ ಕುರಿ, ದನ, ಟಪಾಲು ಸಾಗಿಸಿತು. ಈಗ ಅದರಲ್ಲಿ ಪ್ರವಾಸಿಗಳು ತುಂಬಿರುತ್ತಾರೆ. ಎಂಜಿನ್ ಕೋಣೆಯತ್ತ ಬಗ್ಗಿದರೆ, ಸಲಿಕೆಯಿಂದ ಕುಲುಮೆಗೆ ಕಲ್ಲಿದ್ದಲು ಎಸೆಯುವವರು ಇವತ್ತಿಗೂ ಕಾಣುತ್ತಾರೆ.

1947ರಲ್ಲಿ ಕೊರೊನೆಟ್ ಶಿಖರದಲ್ಲಿ, ಜನರನ್ನು ಮೇಲಕ್ಕೆಳೆಯುವ ಹಗ್ಗದೊಂದಿಗೆ ಸ್ಕೀ ತಾಣ ಶುರುವಾಯಿತು. 1950ರ ದಶಕದಲ್ಲಿ ಬಿಲ್ ಹ್ಯಾಮಿಲ್ಟನ್ ರೂಪಿಸಿದ ಜೆಟ್ ದೋಣಿ ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸುತ್ತದೆ. ಕೆಳಗೆ ಚಾಚಿದ ಪ್ರೊಪೆಲ್ಲರ್ ಇಲ್ಲದ್ದರಿಂದ ಮೊಣಕಾಲುದ್ದವೂ ಇಲ್ಲದ ನೀರಿನಲ್ಲಿ ಓಡುತ್ತದೆ. ಇಂಥ ದೋಣಿಗಳು ಶಾಟೋವರ್ ಹೊಳೆಗೂ ಇಳಿದು, ಚಿನ್ನದ ಕಣಿವೆ ವಿಹಾರಿಗಳದ್ದಾಯಿತು.

ಚಿನ್ನದ ಸೀಮೆಗೆ ಹೋಗಿಬರಲು 1880ರಲ್ಲಿ ಕಟ್ಟಿದ ಕವರಾವ್ ಹೊಳೆಯ ತೂಗುಸೇತುವೆಯಿಂದ 1988ರ ನವೆಂಬರಿನಲ್ಲಿ ಎ.ಜೆ. ಹ್ಯಾಕೆಟ್ ಮತ್ತು ಹೆನ್ರಿ ವ್ಯಾನ್ ಆಶ್ ಕಾಲಿಗೆ ರಬ್ಬರ್ ಹಗ್ಗ ಕಟ್ಟಿ ಜನರನ್ನು ಜಿಗಿಸಲು ತೊಡಗಿದರು. ಎತ್ತರ 43 ಮೀಟರ್. ಬಂಜಿ ಜಿಗಿತದ ಕಾಯಂ ವ್ಯಾಪಾರ ಜಗತ್ತಿನಲ್ಲಿ ಮೊದಲು ನೆಲೆಯೂರಿದ್ದು ಇಲ್ಲೇ.