ಡ್ಯಾಪ್ಸೋನ್ ಅತಿಸಂವೇದನೆ ಮತ್ತು ಟಿ-ಕೋಶ: ವಯನಾಡಿನ ಹಿನ್ನೆಲೆಯಲ್ಲಿ ಒಂದು ಮರುಪರಿಶೀಲನೆ

ಕೇರಳದ ವಯನಾಡಿನಲ್ಲಿ ಮಳೆಗಾಲದ ಜ್ವರದೊಂದಿಗೆ ಕಾಮಾಲೆ ಕಂಡರೆ ಮೊದಲ ಅನುಮಾನ ಇಲಿಜ್ವರದ ಮೇಲೆ. ರೋಗಿ ಪಣಿಯ ಅಥವಾ ಕುರುಮ ಸಮುದಾಯದವರಾದರೆ ಸಿಕಲ್ ಸೆಲ್ ರಕ್ತಹೀನತೆಯ ಮೇಲೂ. ಅದೇ ರೋಗಿ ಕುಷ್ಠರೋಗಕ್ಕೆ ಡ್ಯಾಪ್ಸೋನ್ ಆರಂಭಿಸಿ ನಾಲ್ಕಾರು ವಾರಗಳಾಗಿದ್ದರೆ, ಚರ್ಮದಲ್ಲಿ ದದ್ದು, ಊದಿದ ಗ್ರಂಥಿಗಳಿದ್ದರೆ, ಔಷಧಕ್ಕೆ ದೇಹದ ರಕ್ಷಣಾ ಕೋಶಗಳಾದ ಟಿ-ಕೋಶಗಳು ತೋರಿದ ಪ್ರತಿಕ್ರಿಯೆಯನ್ನೂ ಶಂಕಿಸಬೇಕು. ತಡವಾದರೆ ಇದು ಪ್ರಾಣಾಂತಿಕವಾಗಬಹುದು.

ಈ ಅಪಾಯಕ್ಕೂ, ಟಿ-ಕೋಶಗಳಿಗೆ ಪ್ರೋಟೀನ್ ತುಣುಕುಗಳನ್ನು ತೋರಿಸುವ ಅಣುವನ್ನು ರೂಪಿಸುವ ಎಚ್‌ಎಲ್‌ಎ-ಬಿ*13:01 ಜೀನ್‌ರೂಪಕ್ಕೂ ಇರುವ ನಂಟನ್ನು ಚೀನಾದ ಸಂಶೋಧಕರು 2013ರಲ್ಲಿ ತೋರಿಸಿದರು. ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಟಿ-ಕೋಶ ಗುರುತಿಸುವುದು ಏನನ್ನು ಎಂಬಲ್ಲಿ. ಲ್ಯಾಂಡ್‌ಸ್ಟೈನರ್ 1935ರಲ್ಲಿ ಬೆಳೆಸಿದ ಹ್ಯಾಪ್ಟನ್ ವಾದದ ಪ್ರಕಾರ ಸಣ್ಣ ರಾಸಾಯನಿಕ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡ ಮೇಲಷ್ಟೇ ಪ್ರತಿಕ್ರಿಯೆ ಹುಟ್ಟುತ್ತದೆ. ಸ್ವಿಟ್ಜರ್ಲೆಂಡಿನ ವೆರ್ನರ್ ಪಿಚ್ಲರ್ ಇದನ್ನು ಪ್ರಶ್ನಿಸಿದರು: ಔಷಧವೇ ಎಚ್‌ಎಲ್‌ಎ ಅಥವಾ ಟಿ-ಕೋಶದ ಗ್ರಾಹಿಗೆ ಸಡಿಲವಾಗಿ ಕೂತು ಕೋಶವನ್ನು ಕೆರಳಿಸಬಲ್ಲದು. ಅಪಸ್ಮಾರದ ಔಷಧ ಕಾರ್ಬಮಜೆಪಿನ್ ವಿಷಯದಲ್ಲಿ ಪಿಚ್ಲರ್ ಪರ ಪುರಾವೆ ಬಲವಾಗಿದೆ. ಡ್ಯಾಪ್ಸೋನಿಗೂ ಅಷ್ಟೇ ಸಾಕೆಂಬುದನ್ನು ನಾನು ಒಪ್ಪುವುದಿಲ್ಲ. ಡ್ಯಾಪ್ಸೋನ್ ಚಯಾಪಚಯದಲ್ಲಿ ಹುಟ್ಟುವ ನೈಟ್ರೋಸೋ ಡ್ಯಾಪ್ಸೋನ್ ಪ್ರೋಟೀನಿನ ಸಿಸ್ಟೀನಿಗೆ ಅಂಟುತ್ತದೆ; ರೋಗಿಗಳಿಂದ ಪಡೆದ ಟಿ-ಕೋಶಗಳು ಮೂಲ ಔಷಧಕ್ಕೂ ಈ ನೈಟ್ರೋಸೋ ರೂಪಕ್ಕೂ ಸ್ಪಂದಿಸಿವೆ. ಅಂದರೆ ಎರಡು ದಾರಿಗಳೂ ಒಂದೇ ದೇಹದಲ್ಲಿ ತೆರೆದಿರಬಹುದು. ಆದರೂ, ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದ ಕೋಶದ ವರ್ತನೆಯೇ ಯಕೃತ್ತಿನಲ್ಲೂ ಚರ್ಮದಲ್ಲೂ ನಡೆಯುತ್ತದೆಂದು ಇಷ್ಟರಿಂದ ಹೇಳಲಾಗದು.

ಇಲ್ಲಿಂದ ವಯನಾಡಿಗೆ ಬರುತ್ತೇನೆ. ಭಾರತೀಯರಲ್ಲಿ ಎಚ್‌ಎಲ್‌ಎ-ಬಿ*13:01 ಜೀನ್‌ರೂಪದ ಪ್ರಮಾಣ ಶೇ. 1ರಿಂದ 12 ಎಂದು ಪ್ರಬಂಧಗಳು ಉಲ್ಲೇಖಿಸುತ್ತವೆ. ಇಷ್ಟು ಹರಡಿದ ಅಂಕಿಯನ್ನು ಈ ಜಿಲ್ಲೆಗೆ ಹಾಗೆಯೇ ಹೊಂದಿಸುವುದು ಸರಿಯಲ್ಲ. 2011ರ ಜನಗಣತಿಯಂತೆ ಇಲ್ಲಿನ ಶೇ. 18ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಪಣಿಯ, ಕುರಿಚ್ಯ, ಕಾಟ್ಟುನಾಯ್ಕ ಸಮುದಾಯಗಳಲ್ಲಿ ಮದುವೆ ಬಹುತೇಕ ಒಳಗೊಳಗೇ ನಡೆದು ಬಂದಿದೆ. ಒಂದು ಸಮುದಾಯದಲ್ಲಿ ವಿರಳವಾದುದು ಪಕ್ಕದ ಹಾಡಿಯಲ್ಲಿ ಸಾಮಾನ್ಯವಾಗಿರಬಹುದು. ಆದ್ದರಿಂದ ಡ್ಯಾಪ್ಸೋನ್ ಕೊಡುವ ಮುನ್ನ ಜೀನ್ ಪರೀಕ್ಷೆ ಬೇಕೇ ಎಂಬುದನ್ನು ರಾಷ್ಟ್ರೀಯ ಸರಾಸರಿಯಿಂದಲ್ಲ, ಸಮುದಾಯವಾರು ಅಳತೆಯಿಂದ ತೀರ್ಮಾನಿಸಬೇಕು ಎಂಬುದು ನನ್ನ ವಾದ. ಈ ಜೀನ್‌ರೂಪವಿದ್ದವರೆಲ್ಲ ಕಾಯಿಲೆ ಬೀಳುವುದಿಲ್ಲ. ಹಾಗಾಗಿ ಪರೀಕ್ಷೆಯ ಫಲಿತಾಂಶವೊಂದೇ ಯಾರಿಗೂ ಚಿಕಿತ್ಸೆ ನಿರಾಕರಿಸಲು ನೆಪವಾಗಬಾರದು, ಬದಲಿ ಔಷಧ ಕೈಗೆಟುಕುವಂತಿರಬೇಕು. ರಕ್ತದ ಮಾದರಿ ಕೇಳುವಾಗ ಸಮುದಾಯದ ಒಪ್ಪಿಗೆಯೂ, ಫಲಿತಾಂಶ ಅವರಿಗೇ ಮರಳುವ ಖಾತ್ರಿಯೂ ಮೊದಲು ಬರಬೇಕು.

ಇದೇ ಜೀನ್‌ರೂಪ ಹೊತ್ತವರಲ್ಲಿ ಕೆಲವರ ಟಿ-ಕೋಶಗಳು ಮಾತ್ರ ಏಕೆ ಕೆರಳುತ್ತವೆ? ಯಕೃತ್ತಿನ ಕಿಣ್ವಗಳ ವ್ಯತ್ಯಾಸವೋ, ಟಿ-ಕೋಶದ ಗ್ರಾಹಿಗಳ ವೈವಿಧ್ಯವೋ, ಹಿಂದೆ ತಗಲಿದ ಸೋಂಕೋ: ಈ ಪ್ರಶ್ನೆ ಇನ್ನೂ ತೆರೆದೇ ಇದೆ.